ಸಮಾರಂಭಕ್ಕೆ ಹೋಗಲು ಹೆದರುವವರಿಗೆ: ಮೊದಲು ಚೀಟಿ ಬರೆಯಿರಿ

ಮನೆ ಬಿಡುವ ಮುಂಚೆ, ಅಲ್ಲಿ ಏನಾಗುತ್ತೆಂದು ಹೆದರುತ್ತೀರೋ ಅದನ್ನು ಚೀಟಿಯಲ್ಲಿ ಒಂದೇ ಸಾಲಲ್ಲಿ ಬರೆಯಿರಿ, ಉದಾಹರಣೆಗೆ: ‘ಸಾರು ಬಡಿಸುವಾಗ ಕೈ ನಡುಗುತ್ತೆ, ಪಂಕ್ತಿಯಲ್ಲಿ ಕೂತವರು ನಗ್ತಾರೆ.’ ಪಕ್ಕದಲ್ಲಿ ಅದನ್ನು 100ಕ್ಕೆ ಎಷ್ಟು ನಂಬುತ್ತೀರಿ ಎಂಬ ಅಂಕಿ. ಅಲ್ಲಿ ಹೋದಮೇಲೆ, ಭಯ ತಡೆಯಲು ನೀವು ಹಿಡಿಯುವ ಒಂದು ಆಸರೆ ಬಿಡಿ. ಮೊಬೈಲ್ ನೋಡುತ್ತಾ ಚಪ್ಪರದ ಕಂಬಕ್ಕೆ ಒರಗುವುದು, ಸೌಟು ಬಿಗಿಯಾಗಿ ಹಿಡಿಯುವುದು, ಆಡುವ ಮಾತನ್ನು ಮೊದಲೇ ಬಾಯಿಪಾಠ ಮಾಡುವುದು ಎಲ್ಲವೂ ಆಸರೆಯೇ. (ಬಿಗಿ ಹಿಡಿದಷ್ಟೂ ಕೈ ಹೆಚ್ಚು ನಡುಗುತ್ತದೆ!) ಗಮನ ನಿಮ್ಮ ಎದೆಬಡಿತದ ಮೇಲಲ್ಲ, ಎದುರಿನವರ ಎಲೆಯ ಮೇಲಿರಲಿ. ಮನೆಗೆ ಬಂದು ಚೀಟಿ ತೆಗೆದು ಕಣ್ಣಾರೆ ಕಂಡದ್ದನ್ನಷ್ಟೇ ಬರೆದು, ಅಂಕಿ ಮತ್ತೆ ಹಾಕಿ. ಆಸರೆ ಹಿಡಿದೇ ಇದ್ದರೆ ‘ಅದರಿಂದ ಬಚಾವಾದೆ’ ಎಂದು ಮನಸ್ಸು ಲೆಕ್ಕ ಹಾಕುತ್ತದೆ, ಭಯ ಹಾಗೇ ಉಳಿಯುತ್ತದೆ. ‘ಏನೋ ಆಗಿಬಿಡುತ್ತೆ’ ಎಂದು ಮೊಗಮ್ಮಾಗಿ ಬರೆದರೆ ಉಪಯೋಗವಿಲ್ಲ, ತಾಳೆ ನೋಡಲು ಏನೂ ಇರುವುದಿಲ್ಲ. ಮೊದಲ ದಿನವೇ ಮೈಕ್ ಹಿಡಿಯಲು ಹೋಗಬೇಡಿ. ತೀರ್ಥಹಳ್ಳಿ ಬಸ್ಸಿನಲ್ಲಿ ಪಕ್ಕದವರನ್ನು ಸ್ಟಾಪ್ ಕೇಳುವಷ್ಟು ಸಾಕು. ಒಂದು ಪೆಗ್ ಹಾಕಿ ಹೋದರೆ ಅದೂ ಆಸರೆಯೇ, ಎಲ್ಲಕ್ಕಿಂತ ಕೆಟ್ಟದ್ದು. ತಿಂಗಳುಗಟ್ಟಲೆ ಕೆಲಸ, ಕಾಲೇಜು ತಪ್ಪಿಸುವ ಮಟ್ಟಕ್ಕೆ ಬಂದಿದ್ದರೆ ಚೀಟಿಯೊಂದೇ ಸಾಲದು: ಮನೋವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ.