ಡಿಆರ್‌ಡಿಒ ತಂತ್ರಜ್ಞಾನದಿಂದ ಸಣ್ಣ ಉದ್ಯಮ: ದುಡ್ಡು ಎಲ್ಲಿ ಸಿಗುತ್ತದೆ?

ಮೈಸೂರಿನ ಸಿದ್ಧಾರ್ಥನಗರದಲ್ಲಿರುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಆಹಾರ ಪ್ರಯೋಗಾಲಯ ಡಿಎಫ್‌ಆರ್‌ಎಲ್ 1961ರಿಂದ ಸೈನಿಕರ ಊಟದ ಮೇಲೆ ಕೆಲಸ ಮಾಡುತ್ತಿದೆ. ತಿಂಗಳುಗಟ್ಟಲೆ ಕೆಡದ ಚಪಾತಿ, ಬಿಸಿನೀರು ಹಾಕಿದರೆ ತಯಾರಾಗುವ ಉಪ್ಪಿಟ್ಟು ಅಲ್ಲಿನ ಕೆಲಸ. ಇಂಥ ತಂತ್ರಜ್ಞಾನ ನಮ್ಮ ಊರಿನ ಸಣ್ಣ ಉದ್ಯಮಿಗೂ ಸಿಗುತ್ತದೆ. ಎಷ್ಟೋ ಜನ ಅದನ್ನು ಕೇಳುವುದೇ ಇಲ್ಲ ಅನ್ನೋದು ನನಗೆ ಬೇಸರ.

ಮೊದಲು ಪೇಟೆಂಟ್‌ಗೂ ಟಿಓಟಿಗೂ (ತಂತ್ರಜ್ಞಾನ ವರ್ಗಾವಣೆ) ಇರುವ ವ್ಯತ್ಯಾಸ ತಿಳಿದುಕೊಳ್ಳಿ. 2019ರಲ್ಲಿ ಡಿಆರ್‌ಡಿಒ ಸುಮಾರು 450 ಪೇಟೆಂಟ್‌ಗಳನ್ನು ಭಾರತದ ಉದ್ಯಮಗಳಿಗೆ ಉಚಿತವಾಗಿ ತೆರೆದಿಟ್ಟಿತು. ಆದರೆ ಪೇಟೆಂಟ್ ಕೊಡುವುದು ಹಕ್ಕು, ಕೈಚಳಕವನ್ನಲ್ಲ. ಉದಾಹರಣೆಗೆ, ಸಿದ್ಧ ಊಟ ಕೆಡದಂತೆ ತುಂಬಿಡುವ ಚೀಲ, ಅಂದರೆ ರಿಟಾರ್ಟ್ ಪೌಚ್ ಒಂದನ್ನು ಕತ್ತರಿಸಿ ನೋಡಿ. ಹೊರಗೆ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ ಹಾಳೆ, ಒಳಗೆ ಪಾಲಿಪ್ರೊಪಿಲೀನ್. ಊಟ ತುಂಬಿ ಸೀಲ್ ಮಾಡಿ ಸುಮಾರು 121 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಯಾವ ಪದಾರ್ಥಕ್ಕೆ ಎಷ್ಟು ನಿಮಿಷ, ಸೀಲ್ ಬಿಡದಂತೆ ಒತ್ತಡ ಎಷ್ಟು? ಅದು ಟಿಓಟಿ ಕಡತದಲ್ಲಿ, ಲ್ಯಾಬ್‌ನವರು ಕೊಡುವ ತರಬೇತಿಯಲ್ಲಿ ಸಿಗುತ್ತದೆ. ಹಾಗಾಗಿ ಟಿಓಟಿಗೇ ಅರ್ಜಿ ಹಾಕಿ.

ಅದಕ್ಕೂ ಮುಂಚೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗುವುದು) ಮಾಡಿಸಿ. ಅದು ಪೂರ್ತಿ ಉಚಿತ, ಯಾರಿಗೂ ಕಮಿಷನ್ ಕೊಡಬೇಡಿ. ನಿಮಗೆ ಈ ವಸ್ತು ತಯಾರಿಸುವ ಶಕ್ತಿ ಇದೆಯಾ ಅಂತ ಡಿಆರ್‌ಡಿಒ ಪರಿಶೀಲಿಸಿ, ಆಮೇಲೆ ಲೈಸೆನ್ಸ್ ಒಪ್ಪಂದ ಮಾಡಿಕೊಳ್ಳುತ್ತದೆ. ಶುಲ್ಕ, ರಾಯಲ್ಟಿ, ಅವಧಿಯ ಸಾಲುಗಳನ್ನು ಎರಡು ಸಲ ಓದಿ.

ಈಗ ದುಡ್ಡಿನ ವಿಷಯ. ಜಾಸ್ತಿ ಜನ ಎಡವುವುದು ಇಲ್ಲೇ. ಡಿಆರ್‌ಡಿಒದ ತಂತ್ರಜ್ಞಾನ ಅಭಿವೃದ್ಧಿ ನಿಧಿ, ಅಂದರೆ ಟಿಡಿಎಫ್, ಯೋಜನೆಯ ಖರ್ಚಿನ ಶೇ 90ರವರೆಗೆ, ಗರಿಷ್ಠ 50 ಕೋಟಿ ರೂಪಾಯಿ ಅನುದಾನ ಕೊಡುತ್ತದೆ. ಆದರೆ ಅದು ಸೇನೆಗೆ ಬೇಕಾದ ಹೊಸದನ್ನು ರೂಪಿಸಲು, ಇರುವುದನ್ನು ಸುಧಾರಿಸಲು. ರಕ್ಷಣಾ ಸಚಿವಾಲಯದ ಹೊಸ ಆವಿಷ್ಕಾರ ಯೋಜನೆ ಐಡೆಕ್ಸ್‌ನ 1.5 ಕೋಟಿವರೆಗಿನ ಅನುದಾನವೂ ಅಷ್ಟೇ. ಸೇನೆ ಮುಂದಿಟ್ಟ ಸಮಸ್ಯೆಗೆ ಉತ್ತರ ಕೊಡಬೇಕು, ನಿಮ್ಮ ಪಾಲಿನ ಹಣವನ್ನೂ ಹಾಕಬೇಕು. ಸಿದ್ಧ ತಂತ್ರಜ್ಞಾನ ತಂದು ಚಪಾತಿ ಮಾರಲು ಹೊರಟವರು ಈ ಎರಡರ ಹಿಂದೆ ಸುಮ್ನೆ ಅಲೆಯಬೇಡಿ.

ನಿಮಗೆ ಸರಿಹೊಂದುವುದು ಪಿಎಂಇಜಿಪಿ, ಅಂದರೆ ಸ್ವಂತ ಘಟಕ ಹಾಕುವವರಿಗೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಯೋಜನೆ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಈಗಿನ ಮಿತಿ ಮತ್ತು ಅವಧಿ ಖಚಿತಪಡಿಸಿಕೊಳ್ಳಿ. ತಯಾರಿಕಾ ಘಟಕಕ್ಕೆ ಯೋಜನಾ ವೆಚ್ಚ 50 ಲಕ್ಷದವರೆಗೆ ಇರಬಹುದು. ಹಳ್ಳಿಯಲ್ಲಿ ಸಾಮಾನ್ಯ ವರ್ಗದವರು 40 ಲಕ್ಷದ ಘಟಕ ಹಾಕಿದರೆ ಸ್ವಂತದ್ದು 4 ಲಕ್ಷ, ಸಬ್ಸಿಡಿ ಶೇ 25, ಅಂದರೆ 10 ಲಕ್ಷ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಹಳ್ಳಿಯಲ್ಲಿ ಸಬ್ಸಿಡಿ ಶೇ 35, ಸ್ವಂತ ಪಾಲು ಶೇ 5 ಮಾತ್ರ. ಜಮೀನು ಅಡ ಇಡಲು ಇಲ್ಲದಿದ್ದರೆ, ಸಣ್ಣ ಉದ್ಯಮದ ಸಾಲಕ್ಕೆ ಬ್ಯಾಂಕಿಗೆ ಭರವಸೆ ಕೊಡುವ ಸಿಜಿಟಿಎಂಎಸ್‌ಇ ಗ್ಯಾರಂಟಿಯಡಿ ಸಾಲ ಕೊಡಿ ಅಂತ ಮ್ಯಾನೇಜರ್ ಹತ್ತಿರ ಬಾಯಿ ಬಿಟ್ಟು ಕೇಳಿ.

ಎರಡು ಎಚ್ಚರಿಕೆ. ಈ ಶೇ 25, ಶೇ 35ರ ಸಬ್ಸಿಡಿ ಹೊಸ ಘಟಕಕ್ಕೆ ಮಾತ್ರ. ಆದ್ದರಿಂದ ಸಾಲ ಮಂಜೂರಾಗುವ ಮುಂಚೆ ಮೆಷಿನ್ ಖರೀದಿಸಬೇಡಿ. ಇನ್ನೊಂದು, ಸಬ್ಸಿಡಿ ನಿಮ್ಮ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಗೋಧಿಹಿಟ್ಟು, ಪೌಚ್, ಸಂಬಳದ ಲೆಕ್ಕ ಹಾಕುವಾಗ ಆ 10 ಲಕ್ಷವನ್ನು ಸೇರಿಸಿಕೊಳ್ಳಬೇಡಿ.