ಸೀರೆಗೂ ಆಗ್ಬೇಕು, ಚೂಡಿದಾರಕ್ಕೂ ಆಗ್ಬೇಕು: ಸೆಕೆಯ ಊರಲ್ಲಿ ನಾನು ಹೆಣೆದ ಬಟ್ಟೆಗಳು

ನಿಟ್ಟಿಂಗ್ ಮಾಡುವ ಎಷ್ಟೋ ಜನರ ಮನೆಯಲ್ಲಿ ನಾನು ನೋಡಿದ್ದೇನೆ, ಹೆಣೆದದ್ದು ಒಂದು ಕಪಾಟು ತುಂಬ ಇರ್ತದೆ, ಒಂದಕ್ಕಿಂತ ಒಂದು ಚಂದ, ಆದ್ರೆ ಬೆಳಿಗ್ಗೆ ಹೊರಡುವಾಗ ಮೈಮೇಲೆ ಬರೋದು ಅಂಗಡಿಯಿಂದ ತಂದದ್ದೇ. ಯಾಕಂದ್ರೆ ಡಿಸೈನ್ ಚಂದ ಕಂಡಿತು ಅಂತ ಹೆಣೆದದ್ದು, ಯಾವುದರ ಜೊತೆ ಹಾಕೋದು ಅಂತ ಯೋಚಿಸಿ ಹೆಣೆದದ್ದಲ್ಲ. ನಾನು ಇರೋದು ಕಾಸರಗೋಡಿನ ಬದಿಯಡ್ಕ ಹತ್ರ, ಕೆಲಸಕ್ಕೆ ಕುಂಬಳೆಯಿಂದ ರೈಲಲ್ಲಿ ಮಂಗಳೂರಿಗೆ ಹೋಗಿ ಬರೋದು, ಬೇಸಗೆಯಲ್ಲಿ ಬೆವರು ಸುರಿಯುವ ಸೆಕೆ, ಮಳೆಗಾಲದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಸುರಿಯುವ ಮಳೆ, ಆಫೀಸಲ್ಲಿ ತಲೆ ಮೇಲೇ ಎಸಿ. ಈ ಜೀವನಕ್ಕೆ ಆಗುವ ಹಾಗೆ ಕೈಯಲ್ಲೇ ಹೆಣೆದ ಬಟ್ಟೆ ಮಾಡ್ಕೊಳ್ಬೇಕು ಅಂತ ಹೊರಟವಳು ನಾನು, ಈಗ ವಾರದಲ್ಲಿ ಹೆಚ್ಚಿನ ದಿನ ಮೈಮೇಲೆ ಏನಾದ್ರೂ ಒಂದು ನನ್ನ ಕೈಯದ್ದೇ ಇರ್ತದೆ. ಹೇಗೆ ಮಾಡಿದೆ ಅಂತ ಕೇಳುವವರು ಸುಮಾರು ಜನ ಇದ್ದಾರೆ, ಹಾಗಾಗಿ ಎಲ್ಲ ಒಂದೇ ಕಡೆ ಬರೀತಾ ಇದ್ದೇನೆ.

ನೂಲು ತಗೊಳ್ಳುವ ಮೊದಲು ಕಪಾಟು ತೆಗೆದು ನೋಡ್ಬೇಕು, ಇದು ನನ್ನ ಮೊದಲ ಮಾತು, ಕೊನೆಯ ಮಾತೂ ಇದೇ ಅಂತ ಇಟ್ಕೊಳ್ಳಿ. ಇರುವ ಸೀರೆ, ಕುರ್ತಾ, ಪ್ಯಾಂಟ್ ಎಲ್ಲ ಮಂಚದ ಮೇಲೆ ಹರಡಿ, ಹೆಚ್ಚು ಉಡುವಂಥದ್ದು ಒಂದು ಕಡೆ ತೆಗೆದಿಟ್ಟೆ. ನನ್ನದ್ರಲ್ಲಿ ಕಾಟನ್ ಸೀರೆಯೇ ಜಾಸ್ತಿ, ನಮ್ಮ ಜಿಐ ಟ್ಯಾಗ್ ಸಿಕ್ಕಿದ ಕಾಸರಗೋಡು ಸೀರೆಯೂ ಉಂಟು, ಅಂಚು ಎಲ್ಲ ಗಾಢ ಬಣ್ಣದ್ದು. ಆ ಅಂಚುಗಳನ್ನೇ ನೋಡಿ ನಾಲ್ಕು ಬಣ್ಣ ಆರಿಸಿದೆ: ನೀಲಿ (ಇಂಡಿಗೋ ಥರದ್ದು), ಸಾಸಿವೆ ಹಳದಿ, ಇಟ್ಟಿಗೆ ಕೆಂಪು, ಮತ್ತೆ ಹಾಲಿನ ಬಿಳಿ ಅಲ್ಲದ ಸ್ವಲ್ಪ ಮಾಸಲು ಬಿಳಿ. ಹೊಸದಾಗಿ ಹೆಣೆಯೋದು ಯಾವುದೇ ಆಗ್ಲಿ, ಕಪಾಟಲ್ಲಿ ಈಗಾಗ್ಲೇ ಇರುವ ಮೂರು ಬಟ್ಟೆಗಾದ್ರೂ ಹೊಂದಬೇಕು, ಇಲ್ಲಾಂದ್ರೆ ಕಡ್ಡಿಗೆ ಏರಿಸೋದೇ ಇಲ್ಲ. ಬಿಳಿ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು, ತೋಟದ ಕೆಲಸಕ್ಕೆ ಕೈ ಹಾಕುವವರು ಬಿಳಿ ನೂಲಿನ ಆಸೆ ಬಿಡೋದೇ ಒಳ್ಳೇದು, ಅಡಿಕೆಯ ಚೊಗರು, ಗೇರಿನ ಸೊನೆ ಒಮ್ಮೆ ತಾಗಿದ್ರೆ ಮತ್ತೆ ಹೋಗುವ ಜಾತಿಯದ್ದಲ್ಲ.

ಇನ್ನು ನೂಲು. ಅಂಗಡಿಗೆ ಹೋಗಿ ನಿಟ್ಟಿಂಗಿಗೆ ಅಂತ ಕೇಳಿದ್ರೆ ಹೆಚ್ಚಾಗಿ ತೋರಿಸೋದು ಅಕ್ರಿಲಿಕ್, ಬಣ್ಣ ಚಂದ, ರೇಟೂ ಕಡಿಮೆ, ಆದ್ರೆ ಅದು ಬೆವರು ಎಳೆಯೋದಿಲ್ಲ, ನಮ್ಮ ಸೆಕೆಗೆ ಹಾಕಿದ್ರೆ ಮೈ ಉರೀತದೆ. ನಾನು ಹೆಣೆಯೋದು ಹತ್ತಿಯಲ್ಲಿ. ಮರ್ಸರೈಸ್ಡ್ ಹತ್ತಿ ಅಂತ ಬರ್ತದಲ್ಲ, ಕಾಸ್ಟಿಕ್ ಸೋಡಾದಲ್ಲಿ ಹದ ಮಾಡಿದ್ದು, ಜಾನ್ ಮರ್ಸರ್ ಅನ್ನುವವರು 1844ರಲ್ಲಿ ಕಂಡುಹಿಡಿದದ್ದು, ನೂಲನ್ನು ಎಳೆದು ಹಿಡಿದು ಹಾಗೆ ಮಾಡಿದ್ರೆ ರೇಷ್ಮೆಯ ಹೊಳಪು ಬರ್ತದೆ ಅಂತ ಗೊತ್ತಾದದ್ದು 1890ರಲ್ಲಿ. ಬಣ್ಣ ಗಟ್ಟಿ ನಿಲ್ತದೆ, ಜುಂಗು ಏಳೋದು ಕಡಿಮೆ, ಸೀರೆಯ ಜೊತೆ ಹಾಕುವಂಥದ್ದಕ್ಕೆ ಅದೇ ಬೇಕು. ದಿನಾ ಹಾಕುವಂಥದ್ದಕ್ಕೆ ಕೈಮಗ್ಗದವರು ಬಳಸುವ ನೂಲೂ ಆಗ್ತದೆ, ಲೆಕ್ಕ ಗೊತ್ತಿದ್ರೆ. ಹತ್ತಿ ನೂಲಿನ ಕೌಂಟ್ ಅಂದ್ರೆ ಒಂದು ಪೌಂಡ್ ತೂಕಕ್ಕೆ 840 ಗಜದ ಲಡಿ ಎಷ್ಟು ಬರ್ತದೆ ಅಂತ, ನಂಬರ್ ಹೆಚ್ಚಾದಷ್ಟು ನೂಲು ಸಪೂರ. 2/20 ಅಂತ ಬರೆದಿದ್ರೆ 20 ಕೌಂಟಿನ ಎರಡು ಎಳೆ ಹುರಿ ಮಾಡಿದ್ದು, ಅಂಥ ನಾಲ್ಕು ಎಳೆ ಒಟ್ಟಿಗೆ ಹಿಡ್ಕೊಂಡು ಹೆಣೆದ್ರೆ 100 ಗ್ರಾಮಿಗೆ ಸುಮಾರು 420 ಮೀಟರ್ ಬರುವ ನೂಲಿನ ಹಾಗೆ ಆಯ್ತು, ಅಂದ್ರೆ ಸಪೂರ ಸಾಕ್ಸ್ ನೂಲಿನಷ್ಟು ದಪ್ಪ. ಎಳೆ ಬಿಟ್ಟುಹೋಗದ ಹಾಗೆ ಕಡ್ಡಿಯ ತುದಿ ಸ್ವಲ್ಪ ಮೊಂಡು ಇರ್ಬೇಕು ಅಷ್ಟೆ. ನೂಲು ಯಾವುದೇ ಇರ್ಲಿ, ಲೇಬಲ್ಲಿನ ಡೈ ಲಾಟ್ ನಂಬರ್ (ಒಂದೇ ಸಲ ಒಟ್ಟಿಗೆ ಬಣ್ಣ ಹಾಕಿದ ನೂಲಿನ ಗುರುತು) ಒಂದೇ ಇರುವಂಥದ್ದನ್ನು ಬೇಕಾದಷ್ಟೂ ಒಟ್ಟಿಗೆ ತಗೊಳ್ಳಿ, ಮತ್ತೆ ಹೋದ್ರೆ ಅದೇ ಬಣ್ಣ ಸಿಗ್ತದೆ ಅಂತ ನಂಬ್ಲಿಕ್ಕಾಗೋದಿಲ್ಲ.

ಈಗ ನನಗೆ ತುಂಬಾ ಇಷ್ಟದ ವಿಷಯ, ಸೀರೆಯ ಬ್ಲೌಸ್. ಕೈಹೆಣಿಗೆ ಅಂದ ಕೂಡ್ಲೇ ಎಲ್ರಿಗೂ ಸ್ವೆಟರೇ ನೆನಪಾಗೋದು, ಆದ್ರೆ ನಮ್ಮ ಕಡೆ ಹೆಂಗಸರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರೋದು ಬ್ಲೌಸೇ ಅಂತ ನನ್ನ ಅಭಿಪ್ರಾಯ. ಹೆಣೆದ ಬಟ್ಟೆ ತಾನೇ ಹಿಗ್ತದೆ, ಹಾಗಾಗಿ ಹುಕ್ ಬೇಡ, ಲೈನಿಂಗ್ ಬೇಡ, ಕೈ ಎತ್ತಿದಾಗ ಕಂಕುಳಲ್ಲಿ ಹಿಡಿಯೋದಿಲ್ಲ, ರೈಲಲ್ಲಿ ಮೇಲಿನ ಹಿಡಿ ಹಿಡ್ಕೊಂಡು ನಿಂತ್ರೂ ಬ್ಲೌಸ್ ಮೇಲೆ ಏರೋದಿಲ್ಲ. ನಾನು ಇದನ್ನು ಕುತ್ತಿಗೆಯಿಂದ ಕೆಳಗೆ ಹೆಣೆಯೋದು, ರಾಗ್ಲಾನ್ ಅಂತಾರಲ್ಲ, ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಇಳಿಯುವ ನಾಲ್ಕು ಗೆರೆ ಇಟ್ಕೊಂಡು, ಅದರ ಎರಡೂ ಬದಿಗೆ ಒಂದೊಂದರ ಹಾಗೆ, ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ 8 ಸ್ಟಿಚ್ (ಕಡ್ಡಿ ಮೇಲಿನ ಕುಣಿಕೆ) ಹೆಚ್ಚಿಸ್ತಾ ಬರೋದು, ಬೇಕೆನಿಸಿದಾಗ ಮೈಗೆ ಹಾಕಿ ನೋಡ್ಬಹುದು, ಜೋಡಿಸಿ ಹೊಲಿಯುವ ಕೆಲಸವೇ ಇಲ್ಲ.

ಲೆಕ್ಕ ಹೇಳ್ತೇನೆ, ಒಮ್ಮೆ ಅರ್ಥ ಆದ್ರೆ ಪ್ಯಾಟರ್ನ್ ಪುಸ್ತಕವೇ ಬೇಡ. ನನ್ನ ಕೈಗೆ 3 ಮಿಲಿಮೀಟರ್ ಕಡ್ಡಿಯಲ್ಲಿ (ಅಂಗಡಿಯಲ್ಲಿ ಹಳೇ ನಂಬರ್ ಹೇಳಿದ್ರೆ 11ನೇ ನಂಬರ್, ಇದ್ರಲ್ಲೂ ನಂಬರ್ ಹೆಚ್ಚಾದ್ರೆ ಕಡ್ಡಿ ಸಪೂರ) 10 ಸೆಂಟಿಮೀಟರಿಗೆ 26 ಸ್ಟಿಚ್ ಬರ್ತದೆ. ಎದೆ ಸುತ್ತಳತೆ 92 ಸೆಂಟಿಮೀಟರ್ ಅಂತ ಇಟ್ಕೊಳ್ಳಿ, ಬ್ಲೌಸ್ ಮೈಗೆ ಅಂಟಿ ಕೂರ್ಬೇಕಲ್ಲ, 4 ಸೆಂಟಿಮೀಟರ್ ಕಡಿಮೆ ಮಾಡಿ 88, ಅಂದ್ರೆ 228 ಸ್ಟಿಚ್. ಮುಂದೆ 100, ಹಿಂದೆ 100 ಆಗುವವರೆಗೆ ಹೆಚ್ಚಿಸಿ, ತೋಳನ್ನು ಬೇರೆ ನೂಲಿಗೆ ಏರಿಸಿಟ್ಟು, ಎರಡೂ ಕಂಕುಳಲ್ಲಿ ತಲಾ 14 ಸ್ಟಿಚ್ ಹೊಸದಾಗಿ ಸೇರಿಸಿದ್ರೆ 228 ಸರಿಯಾಯ್ತು. ತೋಳಿಗೆ 62 ಇದ್ರೆ ಕಂಕುಳಿನ 14 ಸೇರಿ 76, ಸುಮಾರು 29 ಸೆಂಟಿಮೀಟರ್. ಎಲಿಜಬೆತ್ ಜಿಮ್ಮರ್‌ಮನ್ ಅಂತ ಅಮೆರಿಕದಲ್ಲಿ ದೊಡ್ಡ ನಿಟ್ಟಿಂಗ್ ಗುರು ಇದ್ರು (1910–1999), ಮೈಯ ಸ್ಟಿಚ್ ನೂರು ಅಂತ ಇಟ್ರೆ ತೋಳಿನ ಮೇಲ್ಭಾಗಕ್ಕೆ ಶೇಕಡಾ 33ರಿಂದ 35 ಸಾಕು ಅಂತ ಅವರ ಲೆಕ್ಕ, 228ಕ್ಕೆ 76 ಅಂದ್ರೆ ಸರಿಯಾಗಿ ಮೂರನೇ ಒಂದು ಭಾಗ. ಅವರು ಸ್ವೆಟರಿಗೆ ಹೇಳಿದ್ದು ನಮ್ಮ ಬ್ಲೌಸಿಗೂ ಕೂರ್ತದೆ ಅನ್ನೋದು ನನಗೆ ಈಗ್ಲೂ ಖುಷಿ ಕೊಡುವ ವಿಷಯ. ಎದೆ ಭಾಗ ತುಂಬಿದವರು ಮುಂದಿನ ಅರ್ಧಕ್ಕೆ ಮಾತ್ರ ಶಾರ್ಟ್ ರೋ ಹಾಕಿ, ಅಂದ್ರೆ ಪೂರ್ತಿ ಸುತ್ತು ಹೋಗದೆ ಮಧ್ಯದಲ್ಲೇ ತಿರುಗಿ ಬಂದು, 3–4 ಸೆಂಟಿಮೀಟರ್ ಉದ್ದ ಹೆಚ್ಚು ಕೊಡಿ, ಇಲ್ಲಾಂದ್ರೆ ಮುಂದಿನ ಅಂಚು ಮೇಲೆ ಎದ್ದು ನಿಲ್ತದೆ. ಕೆಳಗಿನ ರಿಬ್ಬಿಗೆ, ಅಂದ್ರೆ ನಿಟ್ (ನೇರ ಸ್ಟಿಚ್) ಮತ್ತೆ ಪರ್ಲ್ (ಉಲ್ಟಾ ಸ್ಟಿಚ್) ಒಂದಾದ ಮೇಲೊಂದು ಹಾಕಿದ ಹಿಗ್ಗುವ ಅಂಚಿಗೆ, ಕಡ್ಡಿ ಒಂದು ಸೈಜ್ ಸಪೂರ ಮಾಡಿ. ಹತ್ತಿಗೆ ಉಲ್ಲನ್ನಿನ ಹಾಗೆ ಹಿಗ್ಗಿ ಮತ್ತೆ ಕುಗ್ಗುವ ಗುಣ ಇಲ್ಲ, ರಿಬ್ ಬೇಗ ಸಡಿಲ ಆಗ್ತದೆ, ಹಾಗಾಗಿ ನಿಟ್ ಸ್ಟಿಚ್ಚನ್ನು ಹಿಂದಿನ ಎಳೆಯಿಂದ ತೆಗೆದು ತಿರುಚಿದ ರಿಬ್ ಮಾಡ್ತೇನೆ, ಜೊತೆಗೆ ಸಪೂರ ಇಲಾಸ್ಟಿಕ್ ದಾರ ಒಂದು ಎಳೆ ಸೇರಿಸ್ತೇನೆ. ಮೊಣಕೈ ತೋಳಿನ ಬ್ಲೌಸಿಗೆ ನನಗೆ 200 ಗ್ರಾಂ ನೂಲು ಧಾರಾಳ.

ಮದುವೆಯೊಂದರಲ್ಲಿ ಚಿಕ್ಕಮ್ಮ ಕಂಕುಳ ಹತ್ರ ಕೈ ಹಾಕಿ ನೋಡಿ, "ಎಂತ ಮಾರಾಯ್ತಿ, ಒಂದು ನೆರಿಗೆ ಇಲ್ಲ, ಯಾವ ಟೈಲರ್ ಹೊಲ್ದದ್ದು ಇದು?" ಅಂತ ಕೇಳಿದ್ರು. "ಹೊಲ್ದದ್ದಲ್ಲ ಚಿಕ್ಕಮ್ಮ, ಹೆಣೆದದ್ದು" ಅಂದೆ. ಊಟದ ಪಂಕ್ತಿಯಲ್ಲಿ ಕೂತ ಮೇಲೂ ನನ್ನ ತೋಳು ಬಿಡ್ಲಿಲ್ಲ ಅವರು. ಇದೇ ಬ್ಲೌಸನ್ನು ಕೆಳಗೆ 8–10 ಸೆಂಟಿಮೀಟರ್ ಉದ್ದ ಮಾಡಿದ್ರೆ ಪಲಾಝೋ ಜೊತೆ, ಉದ್ದ ಲಂಗದ ಜೊತೆ ಟಾಪ್ ಆಯ್ತು. ಸಾಸಿವೆ ಬಣ್ಣದ್ದು ನಾನು ಹಾಗೇ ಮಾಡಿದ್ದು, ಸೀರೆ ಉಟ್ಟಾಗ ಅಂಚನ್ನು ಒಳಗೆ ಮಡಚಿ ಬಿಡ್ತೇನೆ.

ಅಳತೆಯ ತುಂಡು ಹೆಣೆದು ನೋಡ್ಲಿಕ್ಕೆ ತುಂಬಾ ಜನ ಉದಾಸೀನ ಮಾಡ್ತಾರೆ, ದಯವಿಟ್ಟು ಮಾಡ್ಬೇಡಿ. 26ರ ಜಾಗದಲ್ಲಿ ನಿಮ್ಮ ಕೈಗೆ 24 ಬಂದ್ರೆ ಅದೇ 228 ಸ್ಟಿಚ್ 95 ಸೆಂಟಿಮೀಟರ್ ಆಗ್ತದೆ, ಎರಡೇ ಸ್ಟಿಚ್ಚಿಗೆ 7 ಸೆಂಟಿಮೀಟರ್ ವ್ಯತ್ಯಾಸ. 15 ಸೆಂಟಿಮೀಟರಿನ ಚೌಕ ಹೆಣೆದು, ಬಟ್ಟೆ ಹೇಗೆ ಒಗೆಯೋದೋ ಹಾಗೇ ಒಗೆದು, ಒಣಗಿದ ಮೇಲೆ ನಡುವಿನ 10 ಸೆಂಟಿಮೀಟರಲ್ಲಿ ಎಣಿಸ್ಬೇಕು. ಹತ್ತಿಗೆ ಇನ್ನೊಂದು ಕೆಲಸ ಉಂಟು, ಆ ಚೌಕದ ಕೆಳ ಅಂಚಿಗೆ ನಾಲ್ಕೈದು ಬಟ್ಟೆ ಕ್ಲಿಪ್ ಹಾಕಿ ಒಂದು ರಾತ್ರಿ ನೇತಾಡಿಸಿ ಪುನಃ ಉದ್ದ ಅಳೀರಿ, ಹತ್ತಿ ಭಾರ, ತನ್ನ ಭಾರಕ್ಕೇ ಕೆಳಗೆ ಇಳೀತದೆ, ಎಷ್ಟು ಇಳೀತದೆ ಅಂತ ಮೊದಲೇ ಗೊತ್ತಾದ್ರೆ ಉದ್ದ ಅಷ್ಟು ಕಡಿಮೆ ಹೆಣೆದ್ರಾಯ್ತು.

ಬ್ಲೌಸ್ ಬಿಟ್ರೆ ಉಳಿದದ್ದು ಹೆಚ್ಚಿಲ್ಲ. ಕುರ್ತಾದ ಮೇಲೂ ಶರ್ಟಿನ ಮೇಲೂ ಹಾಕುವ ತೋಳಿಲ್ಲದ ಒಂದು ನೀಲಿ ವೇಸ್ಟ್, ಎಸಿಗೆ ಮತ್ತೆ ಮಳೆಗಾಲದ ರೈಲಿನ ಕಿಟಿಕಿ ಗಾಳಿಗೆ ಒಂದು ಶ್ರಗ್, ಅದು ಬರೀ ಆಯತಾಕಾರದ ತುಂಡು, ಎರಡು ಬದಿ ಸ್ವಲ್ಪ ಹೊಲಿದ್ರೆ ತೋಳು ಆಯ್ತು, ಹೊಸಬರು ಅಲ್ಲಿಂದ್ಲೇ ಶುರು ಮಾಡ್ಬಹುದು. ಮತ್ತೆ ಒಂದು ಶಾಲು. ಶಾಲಿಗೆ ನಾನು ಹಾಕಿದ್ದು ಸ್ಕಾಟ್ಲೆಂಡಿನ ಶೆಟ್ಲ್ಯಾಂಡ್ ಕಡೆಯ ಓಲ್ಡ್ ಶೇಲ್ ಅನ್ನುವ ಅಲೆ ಅಲೆಯ ಡಿಸೈನ್. 18 ಸ್ಟಿಚ್ಚಿನ ಲೆಕ್ಕ, ನಾಲ್ಕು ಸಾಲಲ್ಲಿ ಒಂದೇ ಸಾಲಿಗೆ ಕೆಲಸ: ಎರಡೆರಡು ಸೇರಿಸಿ ಮೂರು ಸಲ, ನೂಲು ಮುಂದೆ ತಂದು ಒಂದು ನಿಟ್ ಆರು ಸಲ, ಪುನಃ ಎರಡೆರಡು ಸೇರಿಸಿ ಮೂರು ಸಲ. ಅದಕ್ಕೆ ಮೊದಲು ಒಂದು ನಿಟ್ ಸಾಲು, ಒಂದು ಪರ್ಲ್ ಸಾಲು, ಆಮೇಲೆ ಒಂದು ನಿಟ್ ಸಾಲು, ಮುಗೀತು. ಆರು ಸಲ 18, ಅಂಚಿಗೆ ಎರಡು ಬದಿಗೂ ತಲಾ 4 ಸೇರಿ 116 ಸ್ಟಿಚ್, 4 ಮಿಲಿಮೀಟರ್ ಕಡ್ಡಿಯಲ್ಲಿ ಸಡಿಲ ಹೆಣೆದ್ರೆ ಅರ್ಧ ಮೀಟರ್ ಅಗಲ ಬರ್ತದೆ. ಬಾಯಿಪಾಠ ಆಗುವಂಥ ಡಿಸೈನ್, ರೈಲಲ್ಲಿ ಮಾತಾಡ್ತಾ ಹೆಣೀಬಹುದು. ರೇಷ್ಮೆ ಸೀರೆಯ ಮೇಲೆ ಎಸಿ ಹಾಲಲ್ಲಿ ಹೊದ್ಕೊಂಡ್ರೆ ಅದರ ಚಂದವೇ ಬೇರೆ, ಚೂಡಿದಾರಕ್ಕೆ ಅದೇ ದುಪ್ಪಟ್ಟಾ.

ಉಲ್ಲನ್ ಕಾರ್ಡಿಗನ್ ಇಟ್ಕೊಂಡದ್ದು ಒಂದೇ ಒಂದು, ಡಿಸೆಂಬರಲ್ಲಿ ಮಡಿಕೇರಿಗೋ ಬೆಂಗಳೂರಿಗೋ ಹೋಗ್ಲಿಕ್ಕೆ. ಅದೂ ಇಟ್ಟಿಗೆ ಕೆಂಪು, ಬಾಕಿ ಎಲ್ಲದಕ್ಕೂ ಹೊಂದುವ ಹಾಗೆ.

ಒಗೆಯೋದು, ಇಡೋದು ನಮ್ಮ ಹವೆಯಲ್ಲಿ ಹೆಣೆದಷ್ಟೇ ದೊಡ್ಡ ಕೆಲಸ. ಹೆಣೆದ ಹತ್ತಿಯನ್ನು ಚಂಡಿ ಇರುವಾಗ ಬಳ್ಳಿಯಲ್ಲಿ ನೇತು ಹಾಕ್ಲೇಬಾರ್ದು, ಮೊಣಕಾಲಿನವರೆಗೆ ಇಳೀತದೆ. ಬೈರಾಸಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಆಕಾರ ಸರಿ ಮಾಡಿ ಹರಡ್ಬೇಕು. ಮಳೆಗಾಲದಲ್ಲಿ ನಾನು ಹರಡೋದು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಗೂಡಲ್ಲಿ, ಆಗ ಅಡಿಕೆ ಇರೋದಿಲ್ಲ, ಜಾಗ ಖಾಲಿ, ಸ್ವಲ್ಪ ಬಿಸಿಲು ಬಿದ್ರೂ ಒಳಗೆ ಬಿಸಿ ನಿಲ್ತದೆ. ಗಂಜಿ ಹಾಕ್ಬೇಡಿ, ಗಂಜಿ ಇದ್ದಲ್ಲಿಗೇ ಬೂಸು ಬರೋದು, ಬೆಳ್ಳಿ ಹುಳವೂ ಬರೋದು. ಬೆವರಿದ್ದನ್ನು ಹಾಗೇ ಕಪಾಟಿಗೆ ಸೇರಿಸೋದೂ ಬೇಡ. ಹ್ಯಾಂಗರಿಗೆ ಹಾಕ್ದೆ ಮಡಚಿ ಇಡಿ, ನಡುವೆ ಲಾವಂಚದ ಬೇರು ಇಟ್ರೆ ಪರಿಮಳ ಚಂದ. ನುಸಿ ತಿನ್ನೋದು ಉಲ್ಲನ್ನನ್ನು, ಕೂದಲಿನಲ್ಲಿರುವ ಕೆರಾಟಿನ್ ಅದರ ಆಹಾರ, ಹತ್ತಿಯ ಸುದ್ದಿಗೆ ಅದು ಬರೋದಿಲ್ಲ, ಹಾಗಾಗಿ ಆ ಒಂದು ಕಾರ್ಡಿಗನ್ನನ್ನು ಮಾತ್ರ ಒಗೆದು, ಪೂರ್ತಿ ಒಣಗಿದ ಮೇಲೆ ಗಾಳಿ ಹೋಗದ ಡಬ್ಬಿಯಲ್ಲಿ ಬೇರೆ ಇಡ್ತೇನೆ.

ಪ್ರತಿ ಬಟ್ಟೆಯ ಉಳಿದ ನೂಲು ಒಂದು ಸಣ್ಣ ಉಂಡೆ ಮಾಡಿ, ಲೇಬಲ್, ಕಡ್ಡಿ ನಂಬರ್, ಸ್ಟಿಚ್ ಲೆಕ್ಕ ಬರೆದ ಚೀಟಿ ಜೊತೆ ಕವರಲ್ಲಿ ಹಾಕಿಡಿ, ಮತ್ತೆ ಆ ಉಂಡೆಯನ್ನೂ ಬಟ್ಟೆಯ ಜೊತೆಗೇ ಆಗಾಗ ಒಗೀರಿ, ಬಣ್ಣ ಎರಡೂ ಒಂದೇ ಥರ ಮಾಸ್ಬೇಕಲ್ಲ. ಕುತ್ತಿಗೆಯಿಂದ ಕೆಳಗೆ ಹೆಣೆದದ್ದರ ದೊಡ್ಡ ಲಾಭ ಇರೋದು ಇಲ್ಲೇ, ಎಷ್ಟು ವರ್ಷ ಕಳೆದ್ರೂ ಕೆಳಗಿನ ಅಂಚು ಬಿಚ್ಚಿದ್ರೆ ಸ್ಟಿಚ್ ಹಾಗೇ ಕಡ್ಡಿಗೆ ಏರ್ತದೆ. ಮೊದಲು ಹೆಣೆದ ನೀಲಿ ಬ್ಲೌಸ್ ಈಗ ಮಗಳಿಗೆ ಬೇಕಂತೆ, ಜೀನ್ಸ್ ಮೇಲೆ ಹಾಕ್ಲಿಕ್ಕೆ. ರಿಬ್ ಬಿಚ್ಚಿ ಆಗಿದೆ, ಇನ್ನು ಒಂದು ಗೇಣು ಉದ್ದ ಮಾಡ್ಬೇಕು.