ಸತ್ತ ಮರಿ ಅಲ್ಲ, ಓಡಾಡುವ ಮರಿ ಕುಯ್ದು ನೋಡಿ: ಥೈಮಸ್ ನೋಡಿ ನಾನು ಕೋಳಿ ಉಳಿಸಿಕೊಂಡದ್ದು

ರಾಣಿಖೇತ್ ರೋಗಕ್ಕೆ ಲಾಸೋಟಾ ಲಸಿಕೆ ಹಾಕಿದ್ದೆ, ಗುಂಬೋರೋ ರೋಗದ್ದೂ ಹಾಕಿದ್ದೆ, ಲಸಿಕೆಯನ್ನು ಐಸ್ ಡಬ್ಬಿಯಲ್ಲೇ ತಂದಿದ್ದೆ. ಆದರೂ ಮೂರನೇ ವಾರ ದಾಟುತ್ತಿದ್ದಂತೆ ಗಿರಿರಾಜ ತಳಿಯ ಕೋಳಿಮರಿಗಳು ತೂಕಡಿಸಿ ಬೀಳುತ್ತಿದ್ದವು. 500 ಮರಿ ಬಿಟ್ಟರೆ 120–150 ಹೋಗುತ್ತಿದ್ದವು. ಮರಿ ದುಡ್ಡು, ಮೇವು, ಬಲ್ಬಿನ ಕರೆಂಟು ಎಲ್ಲ ಸೇರಿ ಬ್ಯಾಚಿಗೆ ಸುಮಾರು 15 ಸಾವಿರ ಮಣ್ಣುಪಾಲು. ಆಂಟಿಬಯಾಟಿಕ್ಕಿಗೆ ಸುರಿದದ್ದು ಬೇರೆ. ನಮ್ಮ ಆಲೂರು ಕಡೆ ನಾಟಿ ಕೋಳಿ ಸಾಕುವವರು ಹೇಳುತ್ತಿದ್ದುದು ಒಂದೇ: ಲಸಿಕೆ ಕಂಪನಿ ಬದಲಾಯಿಸು.

ನಾನು ಕಂಪನಿ ಬದಲಾಯಿಸಲಿಲ್ಲ, ಕುತ್ತಿಗೆ ಬಿಚ್ಚಿ ನೋಡಿದೆ. ಥೈಮಸ್ ಅಂದರೆ ರೋಗ ತಡೆಯುವ ಶಕ್ತಿ ಬೆಳೆಸುವ ಗ್ರಂಥಿ. ಕೋಳಿಯಲ್ಲಿ ಅದು ಎದೆಯೊಳಗಲ್ಲ, ಕುತ್ತಿಗೆಯ ಎರಡೂ ಪಕ್ಕ ರಕ್ತನಾಳದ ಗುಂಟ ಇರುತ್ತೆ, ಒಂದೊಂದು ಕಡೆ ಏಳರಷ್ಟು ತುಣುಕು. ಚರ್ಮ ಮಾತ್ರ ಸುಲಿದರೆ ಸಾಕು, ದಾರಕ್ಕೆ ಪೋಣಿಸಿದ ಅವರೆಕಾಳಿನ ಹಾಗೆ ತಿಳಿ ಗುಲಾಬಿ ಬಣ್ಣದಲ್ಲಿ ಕಾಣುತ್ತೆ. ನನ್ನ ಮರಿಗಳಲ್ಲಿ ಹುಡುಕಿದರೂ ಸಿಗದಷ್ಟು ತೆಳ್ಳಗಾಗಿತ್ತು. ರೋಗದ ವಿರುದ್ಧ ಹೋರಾಡುವ ಟಿ ಕೋಶಗಳು ಬೆಳೆದು ಪಳಗುವ ಜಾಗವೇ ಖಾಲಿ. ಗುದದ್ವಾರದ ಹತ್ತಿರವಿರುವ ಬರ್ಸಾ ಎಂಬ ಚೀಲದಿಂದ ಬಂದ, ಪ್ರತಿಕಾಯ ತಯಾರಿಸುವ ಬಿ ಕೋಶ ಇದ್ದರೂ ಸಹಾಯಕ ಟಿ ಕೋಶದ ಒತ್ತಾಸೆ ಇಲ್ಲದೆ ಗಟ್ಟಿ ಪ್ರತಿಕಾಯ ಎಲ್ಲಿಂದ ಬರಬೇಕು? ಅಂಥ ಮರಿಗೆ ಯಾವ ಕಂಪನಿಯ ಲಸಿಕೆ ಹಾಕಿದರೂ ಅಷ್ಟೇ.

ಸತ್ತ ಮರಿಯ ಥೈಮಸ್ ನೋಡಿ ತೀರ್ಮಾನಿಸಬೇಡಿ. ನಾಲ್ಕು ದಿನ ನರಳಿ ಸತ್ತದ್ದರಲ್ಲಿ ಅದು ಹೇಗೂ ಕರಗಿರುತ್ತೆ, ಒತ್ತಡದ ಹಾರ್ಮೋನು ಅದನ್ನು ತಿಂದುಹಾಕುತ್ತೆ. ಅದಕ್ಕೇ ನಾನು ಎರಡನೇ ವಾರದಿಂದ ವಾರಕ್ಕೊಂದು, ಚೆನ್ನಾಗಿ ಓಡಾಡುವ ಮರಿಯನ್ನೇ ಕುಯ್ಯತೊಡಗಿದೆ. "ಏನಪ್ಪಾ, ಚೆನ್ನಾಗಿರೋ ಮರೀನೂ ನೀನೇ ಸಾಯಿಸ್ತಿದ್ದೀಯಲ್ಲ" ಅಂತ ದೊಡ್ಡಪ್ಪ ಬೈದರು. 40 ರೂಪಾಯಿ ಮರಿ ಕೊಟ್ಟು ಬ್ಯಾಚಿನ ಹಣೆಬರಹ ಓದುವುದಾದರೆ ಅದು ನಷ್ಟವಲ್ಲ. 300 ಗ್ರಾಂ ಮರಿಯಲ್ಲಿ ಎರಡೂ ಕಡೆ ಸೇರಿ 1 ಗ್ರಾಂ ಆಸುಪಾಸು ಬಂದರೆ ನಾನು ನಿಶ್ಚಿಂತೆ.

ಥೈಮಸ್ ಜೊತೆ ಇನ್ನು ಮೂರು ಕಡೆ ಕಣ್ಣು ಹಾಯಿಸಿ. ತೊಡೆ ಮೂಳೆ ಸೀಳಿದಾಗ ಮಜ್ಜೆ ಕೆಂಪಾಗಿರದೆ ಹಳದಿಗೆ ತಿರುಗಿದ್ದರೆ ಕೋಳಿಗೆ ರಕ್ತಹೀನತೆ ತರುವ ಚಿಕನ್ ಅನೀಮಿಯಾ ವೈರಸ್ ಅನುಮಾನ. ಈಲಿ (ಲಿವರ್) ಹಳದಿಯಾಗಿ ಉಬ್ಬಿದ್ದರೆ ಬೂಷ್ಟು ಹಿಡಿದ ಮೇವು. ಬರ್ಸಾ ಮಾತ್ರ ಕುಗ್ಗಿದ್ದರೆ ಗುಂಬೋರೋ, ಆದರೆ ತೀವ್ರ ಗುಂಬೋರೋದಲ್ಲಿ ಥೈಮಸ್ಸೂ ಹೋಗುತ್ತೆ, ಹುಷಾರು. ಗೊಂದಲವಾದಾಗ ಅಂಗದ ತುಣುಕನ್ನು ಕೆಡದಂತೆ ಶೇಕಡಾ 10ರ ಫಾರ್ಮಲಿನ್ ದ್ರಾವಣದಲ್ಲಿ ಹಾಕಿ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಒಯ್ದಿದ್ದೇನೆ.

ನನ್ನಲ್ಲಿ ಎರಡು ಕಾರಣ ಸೇರಿಕೊಂಡಿದ್ದವು. ಮೊದಲನೆಯದು ಮರಿ ಮಾಡಿ ಮಾರುವ ಹ್ಯಾಚರಿ. ತಾಯಿ ಕೋಳಿಯಲ್ಲಿ ಅನೀಮಿಯಾ ವೈರಸ್ಸಿನ ಪ್ರತಿಕಾಯ ಇದ್ದರೆ ಮರಿಗೆ ಮೂರು ವಾರದವರೆಗೆ ಕಾವಲು. ಇಲ್ಲದಿದ್ದರೆ ಮೊಟ್ಟೆಯ ಮೂಲಕ ವೈರಸ್ಸೇ ಬರಬಹುದು. ತಾಯಿ ಕೋಳಿಗಳ ವಯಸ್ಸು, ಲಸಿಕೆ ಕೇಳಿದಾಗ ಆ ಹ್ಯಾಚರಿಯವರು ಉತ್ತರವನ್ನೇ ಕೊಡಲಿಲ್ಲ. ಅಲ್ಲಿಂದ ತರುವುದು ಬಿಟ್ಟೆ. ಎರಡನೆಯದು ಮುಸುಕಿನ ಜೋಳ. ಮಳೆಯಲ್ಲಿ ಮುರಿದ ಜೋಳ ಅಗ್ಗಕ್ಕೆ ಸಿಗುತ್ತೆ, ಅದರೊಳಗಿನ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಥೈಮಸ್, ಬರ್ಸಾ ಎರಡನ್ನೂ ಕುಗ್ಗಿಸುತ್ತೆ. ಈಗ ಕಾಫಿ ಕೊಯ್ಲಿಗೆ ಮುಂಚೆ ಪಕ್ಕದ ತೋಟದವರ ಕಣ ಬಾಡಿಗೆಗೆ ಹಿಡಿದು, ತೇವಾಂಶ ಶೇಕಡಾ 13ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸುತ್ತೇನೆ. ಮೇವಿಗೆ ಒಂದು ಪುಡಿಯನ್ನೂ ಬೆರೆಸುತ್ತೇನೆ. ಅದರ ಹೆಸರು, ಅಳತೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಅಮೃತಬಳ್ಳಿ ಕಷಾಯವನ್ನೂ ಅರ್ಧ ಬ್ಯಾಚಿಗೆ ಕುಡಿಸಿ ನೋಡಿದೆ. ಚಿನ್ನ ತೂಗುವ ತಕ್ಕಡಿಯಲ್ಲಿ ಥೈಮಸ್ ತೂಗಿದರೆ ಕುಡಿಸಿದ ಮರಿಗೂ ಕುಡಿಸದ ಮರಿಗೂ ತೂಕ ಒಂದೇ. ಅದೇ ಡಿಸೆಂಬರ್ ಚಳಿಯಲ್ಲಿ ಒಂದು ಬ್ರೂಡರಿಗೆ (ಮರಿ ಬೆಚ್ಚಗಿಡುವ ಜಾಗ) ಬಲ್ಬು ಕಡಿಮೆ ಮಾಡಿದಾಗ ಕಣ್ಣಿಗೇ ಗೊತ್ತಾಗುವಷ್ಟು ಚಿಕ್ಕದಾಯಿತು. ಕಷಾಯದ ಖರ್ಚನ್ನು ಕರೆಂಟಿಗೆ ಹಾಕಿ.

ಮರೆಕ್ಸ್ ಎಂಬ ವೈರಸ್ ರೋಗದ ಲಸಿಕೆ ವಿಷಯದಲ್ಲೂ ನಾನು ಹಟ ಹಿಡಿದೆ. "ನಾಟಿ ಕೋಳಿಗೆ ಯಾತರ ಮರೆಕ್ಸು" ಅಂದವರೇ ಹೆಚ್ಚು. ಆ ವೈರಸ್ ಟಿ ಕೋಶದೊಳಗೇ ಕೂತು ಅದನ್ನು ಗಡ್ಡೆಯಾಗಿಸುತ್ತೆ. ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬೀಳುವ ಕೋಳಿಯನ್ನು ನೀವೂ ನೋಡಿರುತ್ತೀರಿ. ಲಸಿಕೆಯನ್ನು ಹುಟ್ಟಿದ ದಿನವೇ ಹಾಕಬೇಕು. ಬಾಟಲಿಯಲ್ಲಿ 1000 ಡೋಸು, ಕಲಸಿದ ಮೇಲೆ ಒಂದು ಗಂಟೆಯೊಳಗೆ ಮುಗಿಸಬೇಕು. ಅದಕ್ಕೆ ನಾವು ಮೂವರು ಒಂದೇ ದಿನ ಮರಿ ಇಳಿಸಿ ಬಾಟಲಿ ಹಂಚಿಕೊಳ್ಳುತ್ತೇವೆ, ಮರಿಗೆ ಎರಡು ರೂಪಾಯಿಯೂ ಬೀಳುವುದಿಲ್ಲ. ವೈರಸ್ ಗರಿಯ ಧೂಳಲ್ಲಿ ಹರಡುವುದರಿಂದ ಮೊದಲ ಎರಡು ವಾರ ದೊಡ್ಡ ಕೋಳಿ ಶೆಡ್ಡಿಗೆ ಹೋದವರು ಮರಿ ಹತ್ತಿರ ಬರುವ ಹಾಗಿಲ್ಲ, ನಾನೂ ಸೇರಿ.

ಅಂದಹಾಗೆ, ಟಿ ಬೇರೆ, ಬಿ ಬೇರೆ ಅಂತ 1965ರಲ್ಲಿ ವಿಜ್ಞಾನಿ ಮ್ಯಾಕ್ಸ್ ಕೂಪರ್ ತಂಡ ತೋರಿಸಿದ್ದೂ ಕೋಳಿಮರಿಗಳಲ್ಲೇ. ಕೋಳಿ ಸಾಕುವ ನಾವೇ ಥೈಮಸ್ ನೋಡದಿದ್ದರೆ ಇನ್ಯಾರು ನೋಡಬೇಕು?

ಈಗ 500ಕ್ಕೆ 20–25 ಮರಿ ಹೋಗುತ್ತವೆ, ನಾನು ಕುಯ್ಯುವುದೂ ಸೇರಿ. ಬೈದ ದೊಡ್ಡಪ್ಪ ಮುಂದಿನ ಬ್ಯಾಚಿನಲ್ಲಿ 200 ಮರಿ ಬೇಕು ಅಂತ ಮುಂಗಡ ಕೊಟ್ಟಿದ್ದಾರೆ.